ಕೆರೆಯ ಗೆರೆ ಒಂದು ಫೈಲಿನಲ್ಲಿ

ಹೈದರಾಬಾದಿನ ಹೊರವಲಯದಲ್ಲಿ ಸೈಟೋ ಫ್ಲ್ಯಾಟೋ ಕೊಳ್ಳಲು ಹೊರಟವರು ಈಗ ದರ ವಿಚಾರಿಸುವ ಮೊದಲೇ ಎಫ್‌ಟಿಎಲ್ ಬಗ್ಗೆ ಕೇಳುತ್ತಾರೆ. ಫುಲ್ ಟ್ಯಾಂಕ್ ಲೆವೆಲ್ ಎಂಬುದರ ಮೊಟಕು ರೂಪ ಅದು. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಕೆರೆ ಕೋಡಿ ಬೀಳುವ ಹೊತ್ತಿಗೆ ನೀರು ಎಲ್ಲಿಯ ತನಕ ಹರಡಿ ನಿಲ್ಲುತ್ತದೋ ಆ ಗೆರೆ. ಗೆರೆಯ ಒಳಗೆ ಮನೆ ಕಟ್ಟುವಂತಿಲ್ಲ. ಕೆರೆ 10 ಹೆಕ್ಟೇರು ಅಥವಾ ಅದಕ್ಕಿಂತ ದೊಡ್ಡದಾದರೆ ಗೆರೆಯಿಂದಾಚೆ ಇನ್ನೂ 30 ಮೀಟರ್, ಚಿಕ್ಕದಾದರೆ 9 ಮೀಟರ್ ಜಾಗ ಖಾಲಿ ಬಿಡಬೇಕು. ಬೇಸಿಗೆಯಲ್ಲಿ ನೋಡಿದರೆ ಆ ನೆಲದ ಮೇಲೆ ನೀರಿನ ಗುರುತೇ ಇರುವುದಿಲ್ಲ. ಕ್ರಿಕೆಟ್ ಆಡುವ ಬಯಲಿನಂತೆ ಕಾಣುವ ಜಾಗವೂ ಕೆರೆಯ ಅಂಗಳವೇ ಆಗಿರಬಹುದು.

2024ರ ಜುಲೈನಲ್ಲಿ ತೆಲಂಗಾಣ ಸರ್ಕಾರ ಹೈಡ್ರಾ ಎಂಬ ಸಂಸ್ಥೆಯನ್ನು ಕಟ್ಟಿ, ಹೊರವರ್ತುಲ ರಸ್ತೆಯವರೆಗಿನ ಕೆರೆ ಕಾಲುವೆಗಳ ಒತ್ತುವರಿ ತೆರವು ಮಾಡುವ ಹೊಣೆ ಕೊಟ್ಟಿತು. ಆಗಸ್ಟ್ 24ರಂದು ಮಾದಾಪುರದ ತಮ್ಮಿಡಿಕುಂಟೆ ಕೆರೆಯ ಬಳಿಯ ಎನ್ ಕನ್ವೆನ್ಷನ್ ಸಭಾಂಗಣವನ್ನು ಕೆಡವಲಾಯಿತು. ಮಾಲೀಕರು ಒತ್ತುವರಿಯನ್ನು ಅಲ್ಲಗಳೆದರು, ಹೈಕೋರ್ಟು ತಡೆಯಾಜ್ಞೆ ನೀಡಿತು, ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಅಲ್ಲಿಯವರೆಗೆ ಕಂದಾಯ ಮತ್ತು ನೀರಾವರಿ ಇಲಾಖೆಯವರ ಬಾಯಲ್ಲಷ್ಟೇ ಇದ್ದ ಮೂರು ಇಂಗ್ಲಿಷ್ ಅಕ್ಷರಗಳು ಆಟೊ ಸ್ಟ್ಯಾಂಡಿನ ಮಾತಾದವು.

ಆ ಗೆರೆಯನ್ನು ಯಾರೂ ಬಚ್ಚಿಟ್ಟಿಲ್ಲ. ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ತನ್ನ ಕೆರೆಗಳ ಜಾಲತಾಣದಲ್ಲಿ ಒಂದೊಂದು ಕೆರೆಗೂ ಪ್ರಾಥಮಿಕ ಅಧಿಸೂಚನೆ, ಅಂತಿಮ ಅಧಿಸೂಚನೆ, ಜೊತೆಗೆ ನಕ್ಷೆಯ ಪಿಡಿಎಫ್ ಹಾಳೆಗಳನ್ನು ಹಾಕುತ್ತ ಬಂದಿದೆ. ತೊಡಕಿರುವುದು ಹಾಳೆಯ ಸ್ವರೂಪದಲ್ಲಿ. ಸರ್ವೆ ನಂಬರು ಗೊತ್ತಿದ್ದವರಿಗೆ, ಕೆರೆಯ ಹೆಸರು ಗೊತ್ತಿದ್ದವರಿಗೆ, ಹಾಳೆಯ ಉತ್ತರ ದಿಕ್ಕನ್ನು ನೆಲದ ಉತ್ತರಕ್ಕೆ ಹೊಂದಿಸಬಲ್ಲವರಿಗೆ ಅದು ನಕ್ಷೆ. ಸೈಟಿನ ಮೇಲೆ ನಿಂತು ಫೋನು ತೆಗೆದು ‘ಈ ಜಾಗ ಗೆರೆಯ ಒಳಗೋ ಹೊರಗೋ’ ಎಂದು ನೋಡಬಯಸುವ ಸಾಮಾನ್ಯ ಖರೀದಿದಾರರಿಗೆ ಅದು ಬರಿಯ ಚಿತ್ರ. ಫೋನಿನ ಜಿಪಿಎಸ್ಸಿನ ನೀಲಿ ಚುಕ್ಕಿ ಪಿಡಿಎಫ್ ಮೇಲೆ ಬಂದು ಕೂರುವುದಿಲ್ಲ.

ಹಾಗಾದರೆ ಆ ಗೆರೆಯನ್ನು ಜಾಲದ ನಕ್ಷೆಯಾಗಿಯೇ ಏಕೆ ಕೊಡಬಾರದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಅಧಿಕಾರಿಗಳ ಉದಾಸೀನ, ರಾಜಕೀಯ, ಹಿತಾಸಕ್ತಿ. ಅವೂ ಇರಬಹುದು. ಆದರೆ ಅವುಗಳ ಕೆಳಗೆ ತಂತ್ರಜ್ಞಾನದ ಒಂದು ಕಾರಣವೂ ಇತ್ತು. ಜಾಲದಲ್ಲಿ ನಕ್ಷೆಯೊಂದನ್ನು ಇಡುವುದೆಂದರೆ ಹಗಲೂ ರಾತ್ರಿ ಓಡುವ ಸರ್ವರ್ ಇಟ್ಟುಕೊಳ್ಳುವುದು ಎಂದೇ ಅರ್ಥವಿತ್ತು. ಆ ಕಾರಣ ಈಚಿನ ವರ್ಷಗಳಲ್ಲಿ ಸದ್ದಿಲ್ಲದೆ ಇಲ್ಲವಾಗಿದೆ. ಅದು ಇಲ್ಲವಾದ ಸುದ್ದಿ ಇಲಾಖೆಗಳನ್ನೂ ಕಾಲೇಜುಗಳನ್ನೂ ಕೆರೆ ಸಮಿತಿಗಳನ್ನೂ ಇನ್ನೂ ಸರಿಯಾಗಿ ತಲುಪಿಲ್ಲ.

2005ರಲ್ಲಿ ಗೂಗಲ್ ನಕ್ಷೆ ಬಂದಾಗಿನಿಂದ ಜಾಲದ ನಕ್ಷೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉಪಾಯದ ಮೇಲೆ ನಿಂತಿವೆ. ಭೂಮಿಯನ್ನು ಚೌಕಗಳಾಗಿ ಕತ್ತರಿಸುವುದು. ತೀರ ದೂರದಿಂದ ನೋಡಿದರೆ ಇಡೀ ಜಗತ್ತು ಒಂದೇ ಚೌಕ. ಒಂದು ಹಂತ ಹತ್ತಿರ ಬಂದರೆ ನಾಲ್ಕು, ಇನ್ನೊಂದು ಹಂತಕ್ಕೆ ಹದಿನಾರು. 14ನೆಯ ಹಂತಕ್ಕೆ ಬರುವಾಗ ಜಗತ್ತಿಗೆಲ್ಲ ಸೇರಿ 26 ಕೋಟಿಗೂ ಹೆಚ್ಚು ಚೌಕಗಳಾಗಿರುತ್ತವೆ. ಇವಕ್ಕೆ ಟೈಲ್ ಎಂದು ಹೆಸರು. ಬೆರಳಿನಿಂದ ನಕ್ಷೆಯನ್ನು ಎಳೆದಾಗಲೆಲ್ಲ ಬ್ರೌಸರು ಪರದೆಗೆ ಬೇಕಾದ ಹತ್ತಿಪ್ಪತ್ತು ಟೈಲುಗಳನ್ನಷ್ಟೇ ತರಿಸಿಕೊಳ್ಳುತ್ತದೆ.

ಹೊರವರ್ತುಲ ರಸ್ತೆಯೊಳಗಿನ ಹೈದರಾಬಾದನ್ನು ಮನೆಮನೆ ಕಾಣುವ 18ನೆಯ ಹಂತದವರೆಗೆ ಕತ್ತರಿಸಿದರೆ ಆ ಒಂದು ಹಂತಕ್ಕೇ ಲಕ್ಷದ ಆಸುಪಾಸು ಚೌಕಗಳು. ಲಕ್ಷ ಪುಟ್ಟ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ತುಂಬಿ ಸಾಮಾನ್ಯ ಹೋಸ್ಟಿಂಗ್ ಜಾಗಕ್ಕೆ ಏರಿಸಲು ಕೂತವರಿಗೆ ಅದರ ಕಷ್ಟ ಗೊತ್ತು. ಅರ್ಧ ದಾರಿಯಲ್ಲಿ ಸಂಪರ್ಕ ಕಡಿದರೆ ಯಾವುದು ಹೋಯಿತು, ಯಾವುದು ಉಳಿಯಿತು ಎಂಬುದೇ ತಿಳಿಯುವುದಿಲ್ಲ. 2010ರ ದಶಕದ ಆರಂಭದಲ್ಲಿ ಮ್ಯಾಪ್‌ಬಾಕ್ಸ್ ಕಂಪನಿ ಈ ಚೌಕಗಳನ್ನೆಲ್ಲ ಎಸ್‌ಕ್ಯುಲೈಟ್ ದತ್ತಸಂಚಯದ ಒಂದೇ ಫೈಲಿನೊಳಗೆ ಇಡುವ ಎಂಬಿಟೈಲ್ಸ್ ಎಂಬ ವಿಧಾನ ತಂದಿತು. ಒಯ್ಯಲು ಅನುಕೂಲವಾಯಿತು, ನಿಜ. ಆದರೆ ಆ ಫೈಲನ್ನು ತೆರೆದು ಕೇಳಿದ ಚೌಕ ತೆಗೆದುಕೊಡಲು ಮತ್ತೆ ಒಂದು ಸರ್ವರ್ ಬೇಕು. ಪೆಟ್ಟಿಗೆ ಒಂದೇ ಆದರೂ ಅದರ ಪಕ್ಕದಲ್ಲಿ ಸದಾ ಒಬ್ಬ ಗುಮಾಸ್ತ ಕೂತಿರಬೇಕು ಎಂಬಂತೆ.

ಉಳಿದ ದಾರಿ ಬೇರೆಯವರ ಸರ್ವರನ್ನು ನೆಚ್ಚುವುದು. 2018ರಲ್ಲಿ ಗೂಗಲ್ ತನ್ನ ನಕ್ಷೆ ಸೇವೆಯ ದರಪಟ್ಟಿ ಬದಲಿಸಿ, ಕೀ ಮತ್ತು ಕಾರ್ಡಿನ ವಿವರ ಕೊಡದವರ ನಕ್ಷೆಗಳನ್ನು ಮಸುಕಾಗಿಸಿದಾಗ ಎಷ್ಟೋ ಸಣ್ಣ ಸಂಸ್ಥೆಗಳ ಪುಟಗಳ ಮೇಲೆ ಅಡ್ಡಡ್ಡ ಬರಹ ಮೂಡಿತು. ಕಲಾತ್ಮಕ ನಕ್ಷೆಗಳಿಗೆ ಹೆಸರಾಗಿದ್ದ ಸ್ಟೇಮೆನ್ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ತನ್ನ ಟೈಲುಗಳನ್ನು ಬೇರೊಂದು ಕಂಪನಿಗೆ ವಹಿಸಿಕೊಟ್ಟಾಗ ಹಳೆಯ ವಿಳಾಸ ನೆಚ್ಚಿಕೊಂಡಿದ್ದ ಪುಟಗಳು ಖಾಲಿಯಾದವು. ಅವರು ಮೋಸ ಮಾಡಿದರು ಎನ್ನುವಂತಿಲ್ಲ, ಸರ್ವರ್ ಓಡಿಸಲು ಖರ್ಚಾಗುತ್ತದೆ. ಆದರೆ ಕೆರೆಯ ಗೆರೆಯಂಥ ದಾಖಲೆ ಇನ್ನೊಬ್ಬರ ದರಪಟ್ಟಿಯ ಮೇಲೆ ನಿಲ್ಲಬಾರದು.

ಇಲ್ಲಿಗೆ ಬರುತ್ತದೆ ಪಿಎಂಟೈಲ್ಸ್. ಬ್ರಾಂಡನ್ ಲಿಯು ಎಂಬ ಪ್ರೋಗ್ರಾಮರ್ ಪ್ರೋಟೋಮ್ಯಾಪ್ಸ್ ಎಂಬ ತನ್ನ ಯೋಜನೆಗಾಗಿ ರೂಪಿಸಿದ ವಿಧಾನ ಇದು. ಈಗ ಬಳಕೆಯಲ್ಲಿರುವ ಮೂರನೆಯ ಆವೃತ್ತಿ 2022ರದು. ಇದರ ಮೂಲ ಯೋಚನೆ ತೀರ ಸರಳ. ಕಿಟ್ಟೆಲ್ ನಿಘಂಟಿನಲ್ಲಿ ‘ಕೆರೆ’ ಎಂಬ ಪದ ನೋಡಬೇಕಾದವರು ಮೊದಲ ಪುಟದಿಂದ ಓದಿಕೊಂಡು ಹೋಗುವುದಿಲ್ಲ, ಬೇಕಾದ ಪುಟವನ್ನಷ್ಟೇ ತೆರೆಯುತ್ತಾರೆ. ಜಾಲದ ಎಚ್‌ಟಿಟಿಪಿ ನಿಯಮಾವಳಿಯಲ್ಲೂ ಹಾಗೊಂದು ಹಳೆಯ ಸೌಲಭ್ಯವಿದೆ. ‘ಈ ಫೈಲಿನ ಇಷ್ಟನೆಯ ಬೈಟಿನಿಂದ ಇಷ್ಟನೆಯ ಬೈಟಿನವರೆಗೆ ಮಾತ್ರ ಕೊಡು’ ಎಂದು ಕೇಳಬಹುದು. ವಿಡಿಯೊ ನೋಡುವಾಗ ನಡುವಿಗೆ ಜಿಗಿದರೆ ಅಲ್ಲಿಂದಲೇ ಓಡುವುದು ಈ ಸೌಲಭ್ಯದಿಂದ.

ಪಿಎಂಟೈಲ್ಸ್ ಫೈಲಿನ ಮೊದಲ 127 ಬೈಟುಗಳು ತಲೆಬರಹ. ಅದೂ, ಅದರ ಹಿಂದೆ ಬರುವ ಮುಖ್ಯ ಸೂಚಿಯೂ ಸೇರಿ ಮೊದಲ 16 ಕೆಬಿಯೊಳಗೆ ಮುಗಿಯಬೇಕು ಎಂಬುದು ನಿಯಮ. ಬ್ರೌಸರು ಮೊದಲು ಆ 16 ಕೆಬಿಯನ್ನು ತರಿಸಿಕೊಳ್ಳುತ್ತದೆ. ಯಾವ ಚೌಕ ಫೈಲಿನ ಯಾವ ಜಾಗದಲ್ಲಿದೆ ಎಂಬುದನ್ನು ಅಲ್ಲಿಂದ, ಬೇಕಾದರೆ ಇನ್ನೊಂದು ಒಳಸೂಚಿಯಿಂದ ತಿಳಿದುಕೊಂಡು ಅಷ್ಟನ್ನೇ ಕೇಳುತ್ತದೆ. ಚೌಕಗಳನ್ನು ಜೋಡಿಸಿರುವ ಕ್ರಮವೂ ಜಾಣತನದ್ದು. ಎಳೆ ಕಡಿಯದೆ ಎಲ್ಲ ಚುಕ್ಕಿಗಳನ್ನೂ ಬಳಸಿ ಬರುವ ರಂಗೋಲಿಯ ಹಾಗೆ ಹಿಲ್ಬರ್ಟ್ ವಕ್ರರೇಖೆಯ ಜಾಡಿನಲ್ಲಿ ಅವು ಸಾಗುತ್ತವೆ. ಹೀಗಾಗಿ ನೆಲದ ಮೇಲೆ ನೆರೆಹೊರೆಯಾಗಿರುವ ಚೌಕಗಳು ಫೈಲಿನೊಳಗೂ ಬಹುಮಟ್ಟಿಗೆ ನೆರೆಹೊರೆ. ಸಮುದ್ರದ ನಡುವಿನ ಒಂದೇ ರೀತಿಯ ನೀಲಿ ಚೌಕಗಳನ್ನು ಒಮ್ಮೆ ಮಾತ್ರ ಇಟ್ಟು, ಉಳಿದೆಡೆ ಅದಕ್ಕೇ ಬೆರಳು ತೋರಿಸಲಾಗುತ್ತದೆ.

ಫಲವೆಂದರೆ ಗುಮಾಸ್ತನ ಕೆಲಸ ಬ್ರೌಸರಿಗೇ ಬಂತು. ಫೋಟೊ, ಪಿಡಿಎಫ್ ಇಡುವಂಥ ಸಾದಾ ಜಾಗದಲ್ಲಿ ಒಂದು ಫೈಲು ಇಟ್ಟರೆ ಅದೇ ನಕ್ಷೆಯಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯಿಂದ ಮಾಡಿದ ಇಡೀ ಜಗತ್ತಿನ ಫೈಲು ನೂರು ಜಿಬಿ ಮೀರುತ್ತದೆ. ಆದರೆ ಅದನ್ನು ಪೂರ್ತಿ ಇಳಿಸಿಕೊಳ್ಳದೆಯೇ ಹೈದರಾಬಾದಿನಷ್ಟನ್ನು ಮಾತ್ರ ಕತ್ತರಿಸಿ ಬೇರೆ ಫೈಲು ಮಾಡಿಕೊಳ್ಳುವ ಉಪಕರಣವೂ ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವಿನಲ್ಲಿ ಹಾಕಿ ಪಕ್ಕದ ಊರಿಗೆ ಕೊಡಬಹುದು.

ಫೈಲು ಇದ್ದರೆ ಸಾಲದು, ನಕ್ಷೆ ಬಿಡಿಸುವ ತಂತ್ರಾಂಶ ಅದನ್ನು ಓದಬೇಕು. ಚರ್ಚೆ ಇರುವುದು ಇಲ್ಲೇ. ಲೀಫ್ಲೆಟ್, ಓಪನ್‌ಲೇಯರ್ಸ್, ಮ್ಯಾಪ್‌ಲಿಬ್ರೆ ಮುಂತಾದವು ಹುಟ್ಟಿದ್ದು ‘ಹಂತ, ಅಡ್ಡಸಾಲು, ಉದ್ದಸಾಲು’ ಎಂಬ ಮೂರು ಸಂಖ್ಯೆ ತುಂಬಿದರೆ ಒಂದು ಚೌಕದ ವಿಳಾಸ ಸಿಗುತ್ತದೆ ಎಂಬ ನಂಬಿಕೆಯಲ್ಲಿ. ಒಂದೇ ಫೈಲಿನ ಭಂಡಾರ ಆ ನಂಬಿಕೆಯನ್ನು ಮುರಿಯುತ್ತದೆ. ಹಾಗಾಗಿ ಈ ಮೂರಕ್ಕೂ ಹೊರಗಿನಿಂದ ಒಂದೊಂದು ಜೋಡಣೆ ಬರೆಯಲಾಯಿತು. ಮ್ಯಾಪ್‌ಬಾಕ್ಸ್ 2020ರ ಡಿಸೆಂಬರ್‌ನಲ್ಲಿ ತನ್ನ ತಂತ್ರಾಂಶದ ಪರವಾನಗಿ ಬಿಗಿ ಮಾಡಿದಾಗ ಸಮುದಾಯ ಕವಲೊಡೆಸಿ ಉಳಿಸಿಕೊಂಡ ಮ್ಯಾಪ್‌ಲಿಬ್ರೆಯಲ್ಲಿ ಹೊಸ ಬಗೆಯ ವಿಳಾಸಗಳನ್ನು ಪರಿಚಯಿಸುವ ಕಿಂಡಿಯೊಂದಿದೆ. ಸಣ್ಣ ಜಾವಾಸ್ಕ್ರಿಪ್ಟ್ ಗ್ರಂಥಾಲಯ ಆ ಕಿಂಡಿಯಲ್ಲಿ ಕೂತು ಸೂಚಿ ನೋಡುವ ಕೆಲಸ ಮಾಡುತ್ತದೆ. ಫೋನಿನ ಆ್ಯಪ್‌ಗಳಿಗಾಗಿ ಇರುವ ಮ್ಯಾಪ್‌ಲಿಬ್ರೆ ನೇಟಿವ್‌ನಲ್ಲಿ ಹೀಗೆ ತೇಪೆ ಹಾಕುವುದು ಸುಲಭವಿರಲಿಲ್ಲ. ಅಲ್ಲಿ ಬೆಂಬಲ ತಂತ್ರಾಂಶದ ತಿರುಳಿನೊಳಗೇ ಸೇರಿತು.

ಜಾಲದ ತಂತ್ರಾಂಶದಲ್ಲೂ ತಿರುಳಿನೊಳಗೇ ಸೇರಿಸಬೇಕೇ ಎಂಬುದು ಪ್ರಶ್ನೆ. ಬೇಡ ಎನ್ನುವವರ ವಾದಕ್ಕೆ ತೂಕವಿದೆ. ನಿರ್ವಹಿಸುವವರು ಕೆಲವೇ ಮಂದಿ. ಇವತ್ತು ಈ ಫೈಲು, ನಾಳೆ ಇನ್ನೊಂದು ಬರುತ್ತದೆ. ಬಂದದ್ದನ್ನೆಲ್ಲ ಒಳಗೆ ಸೇರಿಸಿಕೊಂಡರೆ ತಂತ್ರಾಂಶ ದಪ್ಪವಾಗುತ್ತದೆ, ಎಲ್ಲರ ಫೋನಿಗೂ ಆ ಭಾರ ಇಳಿಯುತ್ತದೆ. ಬೇಕಾದವರು ಎರಡು ಸಾಲು ಸೇರಿಸಿಕೊಳ್ಳಲಿ.

ಈ ವಾದ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯಿದೆ. ಆ ಎರಡು ಸಾಲನ್ನು ಯಾರು ಬರೆಯುತ್ತಾರೆ? ಒಂದೇ ಫೈಲಿನ ನಕ್ಷೆಯಿಂದ ಅತಿ ಹೆಚ್ಚು ಲಾಭವಾಗುವುದು ಸರ್ವರ್ ಇಟ್ಟುಕೊಳ್ಳಲಾರದವರಿಗೆ. ತಾಲ್ಲೂಕು ಕಚೇರಿಯ ಗುತ್ತಿಗೆ ನೌಕರ, ಪದವಿ ಕಾಲೇಜಿನ ಭೂಗೋಳ ವಿಭಾಗ, ಬಡಾವಣೆಯ ಕೆರೆ ಉಳಿಸುವ ಗುಂಪು. ಅವರೇ ಎರಡು ಗ್ರಂಥಾಲಯಗಳ ಆವೃತ್ತಿ ಒಂದಕ್ಕೊಂದು ಹೊಂದದಾಗ ಸೋತು ಕೂರುವವರೂ ಹೌದು. ದೊಡ್ಡ ಕಂಪನಿಗೆ ಎರಡು ಸಾಲು ಯಾವ ಲೆಕ್ಕವೂ ಅಲ್ಲ. ಹೊರೆಯನ್ನು ತಿರುಳಿನಿಂದ ಹೊರಗಿಟ್ಟರೆ ಅದು ಮಾಯವಾಗುವುದಿಲ್ಲ, ಹೊರಲು ಕಷ್ಟವಾಗುವವರ ತಲೆಗೇ ಏರುತ್ತದೆ.

ನಾಳೆ ಇನ್ನೊಂದು ಬರುತ್ತದೆ ಎಂಬ ಆತಂಕಕ್ಕೂ ಉತ್ತರವಿದೆ. ಪಿಎಂಟೈಲ್ಸ್ ವಿವರಣೆ ಸಾರ್ವಜನಿಕ ಸ್ವತ್ತು. ಕ್ಯುಜಿಐಎಸ್ ಸೇರಿ ಹಲವು ತಂತ್ರಾಂಶಗಳ ಬೆನ್ನೆಲುಬಾದ ಜಿಡಾಲ್ ಗ್ರಂಥಾಲಯ 2023ರಿಂದಲೇ ಅದನ್ನು ಓದುತ್ತದೆ, ಬರೆಯುತ್ತದೆ. ಮೂರನೆಯ ಆವೃತ್ತಿ ಬಂದು ವರ್ಷಗಳಾದರೂ ಸ್ವರೂಪ ಕದಲಿಲ್ಲ. ಇಷ್ಟು ನೆಲೆ ಕಂಡದ್ದನ್ನು ಓದುವ ಶಕ್ತಿಯನ್ನು ಮಾತ್ರ ಒಳಗೆ ತೆಗೆದುಕೊಳ್ಳುವುದು ಅತಿಯಾಸೆಯಲ್ಲ. ಬ್ರೌಸರುಗಳು ಪಿಎನ್‌ಜಿ, ಜೆಪೆಗ್ ಚಿತ್ರಗಳನ್ನು ತಾವೇ ಓದದೆ ಪ್ರತಿಯೊಬ್ಬರೂ ಹೊರಗಿನಿಂದ ಜೋಡಣೆ ತರಬೇಕು ಎಂದಿದ್ದರೆ ಜಾಲದಲ್ಲಿ ಇಷ್ಟು ಚಿತ್ರಗಳು ಇರುತ್ತಿರಲಿಲ್ಲ.

ದೇಶದ ನಕ್ಷೆ ಕೆಲಸದ ದೊಡ್ಡ ಪಾಲು ನಡೆಯುವ ಊರುಗಳಲ್ಲಿ ಹೈದರಾಬಾದ್ ಒಂದು. ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಬಾಲಾನಗರದಲ್ಲಿದೆ. 2009ರ ಆಗಸ್ಟ್‌ನಲ್ಲಿ ತೆರೆದ ಭುವನ್ ಜಾಲತಾಣ ಅಲ್ಲಿಯದು. ಸರ್ವೆ ಆಫ್ ಇಂಡಿಯಾದ ತರಬೇತಿ ಸಂಸ್ಥೆ ಉಪ್ಪಲ್‌ನಲ್ಲಿದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಹಿತಿಯ ಮೇಲಿದ್ದ ಹಳೆಯ ಅನುಮತಿಗಳ ಸರಪಳಿಯನ್ನು ಬಹುಮಟ್ಟಿಗೆ ಸಡಿಲಿಸಿತು. ಕಾನೂನಿನ ಬಾಗಿಲು ತೆರೆದರೂ ಅಭ್ಯಾಸ ಬದಲಾಗಿಲ್ಲ. ಸರ್ಕಾರಿ ನಕ್ಷೆಗಳು ಇಂದಿಗೂ ಹೆಚ್ಚಾಗಿ ‘ನಮ್ಮ ಜಾಲತಾಣಕ್ಕೆ ಬಂದು ನೋಡಿ’ ಎಂಬ ರೂಪದಲ್ಲಿವೆ. ಕರ್ನಾಟಕದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಬಹಳ ಉಪಯುಕ್ತ ಕೆಲಸ ಅದು. ಆದರೆ ಅಲ್ಲಿಯೂ ನೋಡುವ ಹಕ್ಕು ಮಾತ್ರ ಇದೆ, ಒಯ್ಯುವ ಅವಕಾಶ ಇಲ್ಲ. ಗ್ರಾಮಸಭೆಯೊಂದು ತನ್ನ ಊರಿನ ಪದರವನ್ನು ತೆಗೆದುಕೊಂಡು ಅದರ ಮೇಲೆ ತನ್ನ ಬಾವಿ, ಗುಂಡುತೋಪು, ಕಾಲುದಾರಿಗಳನ್ನು ಗುರುತಿಸಬೇಕೆಂದರೆ ದಾರಿ ಸುಲಭವಿಲ್ಲ.

ಒಂದೇ ಫೈಲಿನ ಭಂಡಾರದಲ್ಲಿ ಗೆರೆಗಳನ್ನಷ್ಟೇ ಅಲ್ಲ, ಚಿತ್ರಗಳನ್ನೂ ಇಡಬಹುದು. ಹೈದರಾಬಾದಿಗೆ ಇದರ ಬೆಲೆ ದೊಡ್ಡದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಹುಣಸೆ ಮರ ಹತ್ತಿ ಬದುಕಿದವರ ಕಥೆಯನ್ನು ಊರು ಇನ್ನೂ ಹೇಳುತ್ತದೆ. ಮರುವರ್ಷ ನಿಜಾಮ್ ಸರ್ಕಾರದ ಕರೆಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೇಲ್ಗಡೆ ನೀರು ತಡೆದು ನಿಲ್ಲಿಸುವ ಯೋಜನೆ ಕೊಟ್ಟರು. ಅದರಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಅದೇ ಕಾಲದಲ್ಲಿ ಲೆನರ್ಡ್ ಮನ್ ನೇತೃತ್ವದಲ್ಲಿ ನಗರದ ಸವಿವರ ಅಳತೆ ನಡೆದು, ದೊಡ್ಡ ಪ್ರಮಾಣದ ನಕ್ಷೆ ಹಾಳೆಗಳು ತಯಾರಾದವು. ಅಂಥ ಹಾಳೆಗಳನ್ನು ನೆಲಕ್ಕೆ ಹೊಂದಿಸಿ, ಚೌಕಗಳಾಗಿಸಿ ಒಂದು ಫೈಲಿನಲ್ಲಿಟ್ಟರೆ, ಇಂದಿನ ಬೀದಿಯ ಕೆಳಗೆ ನೂರು ವರ್ಷದ ಹಿಂದಿನ ಕಾಲುವೆ ಎಲ್ಲಿತ್ತು ಎಂದು ಶಾಲೆಯ ಮಕ್ಕಳೂ ನೋಡಬಹುದು. 2020ರ ಅಕ್ಟೋಬರ್‌ನ ಮಳೆಯಲ್ಲಿ ಮನೆಯೊಳಗೆ ನೀರು ನುಗ್ಗಿಸಿಕೊಂಡವರಿಗೆ ಅದು ಬರಿಯ ಇತಿಹಾಸದ ಕುತೂಹಲವಾಗಿರುವುದಿಲ್ಲ.

ಆದರೆ ಕನ್ನಡದಲ್ಲಿ ಇಂಥ ನಕ್ಷೆ ಮಾಡಲು ಹೋದವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ. ಇಂದಿನ ನಕ್ಷೆ ತಂತ್ರಾಂಶಗಳು ಊರಿನ ಹೆಸರುಗಳನ್ನು ಚಿತ್ರವಾಗಿ ತರಿಸದೆ ಪಠ್ಯವಾಗಿ ತರಿಸಿಕೊಂಡು ಫೋನಿನಲ್ಲೇ ಬರೆಯುತ್ತವೆ. ಮ್ಯಾಪ್‌ಲಿಬ್ರೆಯ ಮೂಲ ವಿನ್ಯಾಸ ಯೂನಿಕೋಡಿನ ಒಂದು ಸಂಖ್ಯೆಗೆ ಒಂದು ಅಚ್ಚು ಎಂಬ ಲೆಕ್ಕದ್ದು. ಇಂಗ್ಲಿಷಿಗೆ ಅದು ಸಾಕು. ಕನ್ನಡದ ಅಕ್ಷರ ಹಾಗಿಲ್ಲ. ವ್ಯಂಜನ, ಒತ್ತು, ಗುಣಿತ ಕೂಡಿ ಒಂದು ಅಕ್ಷರವಾಗುತ್ತದೆ. ‘ಚಿಕ್ಕಡಪಲ್ಲಿ’ ಎಂಬ ಹೈದರಾಬಾದಿನ ಬಡಾವಣೆಯ ಹೆಸರು ಅಂಥ ಲೆಕ್ಕದಲ್ಲಿ ‘ಚಿಕ್‌ಕಡಪಲ್‌ಲಿ’ ಎಂದು ಮುರಿದು ಬೀಳುತ್ತದೆ, ಗುಡಿಸು ಬೇರೆಯಾಗಿ ತೂಗಾಡುತ್ತದೆ. ತೆಲುಗಿಗೂ ಇದೇ ಗತಿ. ಚೀನೀ ಅಕ್ಷರಗಳಿಗೆ ಫೋನಿನದೇ ಫಾಂಟು ಬಳಸುವ ವ್ಯವಸ್ಥೆ ಬಹಳ ಹಿಂದೆಯೇ ಆಯಿತು. ಅರಬಿ ಲಿಪಿಯನ್ನು ಬಲದಿಂದ ಎಡಕ್ಕೆ ಕೂಡಿಸಿ ಬರೆಯಲು ಪ್ರತ್ಯೇಕ ಜೋಡಣೆ ಇದೆ. ಹೀಗಾಗಿ ಉರ್ದು, ತೆಲುಗು ಎರಡೂ ಬೀದಿಬೀದಿಯ ಫಲಕಗಳ ಮೇಲಿರುವ ಈ ಊರಿನ ನಕ್ಷೆಯಲ್ಲಿ ಉರ್ದು ಹೆಸರು ಕೂಡಿಕೊಂಡು, ತೆಲುಗು ಹೆಸರು ಒಡೆದುಕೊಂಡು ಬರುವ ವಿಚಿತ್ರ ಸಾಧ್ಯವಾಗಿದೆ.

ಪ್ರೋಟೋಮ್ಯಾಪ್ಸ್ ದೇವನಾಗರಿಗೆ ಒಂದು ಅಡ್ಡದಾರಿ ಹುಡುಕಿತು. ಫೈಲು ತಯಾರಿಸುವಾಗಲೇ ಅಕ್ಷರಗಳನ್ನು ಸರಿಯಾಗಿ ಕೂಡಿಸಿ, ಕೂಡಿದ ರೂಪಗಳಿಗೆ ಗುಟ್ಟಿನ ಸಂಖ್ಯೆ ಕೊಟ್ಟು, ಅವಕ್ಕೆ ಹೊಂದುವ ಫಾಂಟನ್ನು ಜೊತೆಗಿಡುವುದು. ಜಾಣ ಉಪಾಯ, ಆದರೆ ಫೈಲಿನೊಳಗೆ ಆಗ ಇರುವುದು ಭಾಷೆಯಲ್ಲ, ಸಂಕೇತ. ಆ ಪಠ್ಯವನ್ನು ಹುಡುಕಲು ಬಾರದು, ಬೇರೆ ಫಾಂಟಿನಲ್ಲಿ ತೋರಿಸಲು ಬಾರದು. ನಿಜವಾದ ಪರಿಹಾರ ತಂತ್ರಾಂಶವೇ ಬ್ರೌಸರಿನ ಬರವಣಿಗೆಯ ಶಕ್ತಿ ಬಳಸಿ ಅಕ್ಷರವನ್ನು ಅಕ್ಷರವಾಗಿ ಬರೆಯುವುದು. ಆ ದಿಕ್ಕಿನ ಪ್ರಯತ್ನಗಳು ಶುರುವಾಗಿವೆ. ಅವು ಕನ್ನಡ, ತೆಲುಗಿನ ಒತ್ತುಗಳವರೆಗೆ ಸರಿಯಾಗಿ ಬರುತ್ತವೆಯೇ ಎಂದು ಪರೀಕ್ಷಿಸಿ ದೂರು ಬರೆಯುವವರು ಈ ಭಾಷೆಗಳ ಒಳಗಿನಿಂದಲೇ ಬರಬೇಕು. ಅಲ್ಲಿಯ ತನಕ ಮ್ಯಾಪ್ನಿಕ್‌ನಂಥ ಹಳೆಯ ತಂತ್ರಾಂಶದಲ್ಲಿ ಕನ್ನಡ ಹೆಸರುಗಳನ್ನು ಸರಿಯಾಗಿ ಬರೆಸಿ, ಚಿತ್ರದ ಚೌಕಗಳಾಗಿಯೇ ಒಂದು ಫೈಲಿಗೆ ತುಂಬಬಹುದು. ಗಾತ್ರ ಹೆಚ್ಚುತ್ತದೆ, ಅಂದ ಸ್ವಲ್ಪ ಕಡಿಮೆ. ಆದರೂ ‘ಬಳ್ಳಾರಿ’ ಬಳ್ಳಾರಿಯಾಗಿಯೇ ಉಳಿಯುತ್ತದೆ.

ಒಂದೇ ಫೈಲಿನ ವಿಧಾನಕ್ಕೆ ತನ್ನದೇ ಮಿತಿಗಳೂ ಇವೆ. ದಿನವೂ ಬದಲಾಗುವ ಮಾಹಿತಿಗೆ ಅದು ಒಗ್ಗದು. ಒಂದು ಚೌಕ ಬದಲಾದರೂ ಫೈಲನ್ನು ಮತ್ತೆ ಕಟ್ಟಿ ಪೂರ್ತಿ ಏರಿಸಬೇಕು. ಬಸ್ಸು ಎಲ್ಲಿದೆ ಎಂದು ತೋರಿಸಲು ಇದು ಸಲ್ಲದು, ಅಂತಿಮ ಅಧಿಸೂಚನೆಯಾದ ಕೆರೆಯ ಗೆರೆಗೆ ಹೇಳಿ ಮಾಡಿಸಿದಂತಿದೆ. ತುಣುಕು ಬೈಟುಗಳನ್ನು ಕೊಡಲು ಗೊತ್ತಿಲ್ಲದ, ಬೇರೆ ತಾಣದವರಿಗೆ ಓದಲು ಬಿಡದ ಸರ್ವರುಗಳು ಇನ್ನೂ ಇವೆ. ಅಲ್ಲಿ ಫೈಲು ಇದ್ದೂ ಇಲ್ಲದಂತೆ. ಅದನ್ನು ಸರಿಪಡಿಸುವುದು ಬಹುಪಾಲು ಒಂದು ಸೆಟ್ಟಿಂಗಿನ ಕೆಲಸ.

ಗಂಭೀರವಾದ ಆಕ್ಷೇಪ ಬೇರೆ. ಫೈಲು ಕೈಯಿಂದ ಕೈಗೆ ಹೋದರೆ ಹಳೆಯ ಗೆರೆಯೂ ಊರೆಲ್ಲ ಸುತ್ತುತ್ತಿರುತ್ತದೆ. ನ್ಯಾಯಾಲಯ ಗೆರೆಯನ್ನು ಬದಲಿಸಿದ ಮೇಲೆ ಹಳೆಯ ಪ್ರತಿ ತೋರಿಸಿ ಸೈಟು ಮಾರುವವರು ಇರುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಪಿಡಿಎಫ್ ಹಾಳೆಗಳ ವಿಷಯದಲ್ಲಿ ಆಗುತ್ತಿರುವುದೂ ಅದೇ, ಜೊತೆಗೆ ಹಾಳೆಯನ್ನು ನೆಲಕ್ಕೆ ಹೊಂದಿಸಲಾಗದ ಕಷ್ಟ ಬೇರೆ. ಫೈಲಿನೊಳಗೆ ಅಧಿಸೂಚನೆಯ ಸಂಖ್ಯೆ, ದಿನಾಂಕ, ಅದು ಪ್ರಾಥಮಿಕವೋ ಅಂತಿಮವೋ ಎಂಬ ಟಿಪ್ಪಣಿ ಇಡಲು ಜಾಗವಿದೆ. ನಕ್ಷೆಯ ಮೂಲೆಯಲ್ಲಿ ಅದು ಕಾಣುವಂತೆ ಮಾಡುವುದು ಕಷ್ಟವಲ್ಲ. ಕಾನೂನಿನ ಅಂತಿಮ ಮಾತು ಅಧಿಸೂಚನೆಯದೇ ಆಗಿರಲಿ. ಕೊಳ್ಳುವವರಿಗೆ ಬೇಕಾದದ್ದು ಮುಂಗಡ ಕೊಡುವ ಮೊದಲು ಸಿಗುವ ಒಂದು ಎಚ್ಚರಿಕೆ ಅಷ್ಟೆ.

ಗಡಿಯ ವಿಷಯದಲ್ಲೂ ಇದರಿಂದ ಅನುಕೂಲವಿದೆ. ಭಾರತದ ಗಡಿಗಳನ್ನು ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದಂತೆ ಪ್ರಕಟಿಸುವುದನ್ನು 1961ರ ಕಾಯ್ದೆ ಅಪರಾಧವೆನ್ನುತ್ತದೆ. ಹೊರದೇಶದ ಟೈಲ್ ಸೇವೆ ಬಳಸುವ ಪ್ರತಿಯೊಂದು ಶಾಲೆ, ಪತ್ರಿಕೆ, ಸಂಸ್ಥೆಯ ತಲೆಯ ಮೇಲೂ ಆ ಕತ್ತಿ ತೂಗುತ್ತದೆ. ಸ್ವಂತ ಫೈಲು ಕಟ್ಟಿಕೊಂಡವರು ಗಡಿಯ ಗೆರೆಯನ್ನು ಅಧಿಕೃತ ಮೂಲದಿಂದ ತಂದು ಒಮ್ಮೆ ಸರಿಯಾಗಿ ಇಟ್ಟರೆ ಮುಗಿಯಿತು.

ಕೇಳಬೇಕಾದದ್ದು ಮೂರೇ ಸಂಗತಿ. ಕೆರೆಯ ಅಂತಿಮ ಅಧಿಸೂಚನೆ ಹೊರಡಿಸುವ ಪ್ರಾಧಿಕಾರ, ಅದು ಹೈದರಾಬಾದಿನದಾಗಲಿ ಬೆಂಗಳೂರಿನದಾಗಲಿ, ಪಿಡಿಎಫ್ ಜೊತೆಗೆ ಆ ಗೆರೆಗಳ ಒಂದು ಫೈಲನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡಬೇಕು. ನಕ್ಷೆ ಬಿಡಿಸುವ ತಂತ್ರಾಂಶಗಳು ಅಂಥ ಫೈಲನ್ನು ಹೊರಗಿನ ಜೋಡಣೆಯಿಲ್ಲದೆ ತೆರೆಯಬೇಕು. ತೆರೆದ ಮೇಲೆ ಊರುಗಳ ಹೆಸರನ್ನು ಒಡೆಯದೆ ಬರೆಯಬೇಕು. ಮೊದಲನೆಯದಕ್ಕೆ ಬೇಕಿರುವುದು ಒಂದು ಸುತ್ತೋಲೆ. ಕೊನೆಯ ಎರಡಕ್ಕೆ ದುಡಿಯುತ್ತಿರುವವರು ಮುಕ್ತ ತಂತ್ರಾಂಶದ ಕೆಲವೇ ಜನ. ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ, ಬೆಂಗಳೂರಿನ ಕಚೇರಿಗಳಲ್ಲಿ ಕನ್ನಡ ತೆಲುಗು ಬಲ್ಲ ಸಾವಿರಾರು ಪ್ರೋಗ್ರಾಮರುಗಳಿದ್ದಾರೆ. ಅವರಲ್ಲಿ ಕೆಲವರು ಒಂದೆರಡು ಭಾನುವಾರ ಕೊಟ್ಟು ಒತ್ತಕ್ಷರಗಳ ಪರೀಕ್ಷೆಗಳನ್ನು ಬರೆದರೂ ಈ ಕೆಲಸ ಬಹಳ ಮುಂದೆ ಸಾಗುತ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ಒಂದು ಕೆರೆಯ ಗೆರೆಯಾದರೂ ಹೀಗೆ ಫೋನಿಗೆ ಬಂದರೆ, ಉಳಿದ ಕೆರೆಗಳವರು ಅದನ್ನು ತೋರಿಸಿ ಕೇಳಬಹುದು.